ಸರ್ಕಾರಿ ಕಟ್ಟಡ, ಹಳೆಯ ಕಟ್ಟಡ: ಕಟ್ಟಡ ನಿಯಂತ್ರಣ ಕಾನೂನು ಯಾವಾಗ ಅನ್ವಯವಾಗುತ್ತದೆ?

ಪ್ರಶ್ನೆ
ಬರೆದವರು: ಶಾಲಾ ಸಮಿತಿ ಸದಸ್ಯ

ಎಲ್ಲರಿಗೂ ನಮಸ್ಕಾರ. ಕಟ್ಟಡ ಕಾನೂನನ್ನು ಬಲ್ಲವರಿಂದ ಒಂದು ವಿಷಯದಲ್ಲಿ ಸ್ಪಷ್ಟತೆ ಬೇಕಾಗಿದೆ. ಕರ್ನಾಟಕದ ನಗರಸಭೆಯೊಂದರ ವ್ಯಾಪ್ತಿಯಲ್ಲಿರುವ ಸರ್ಕಾರಿ ಪ್ರೌಢಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಾನು ಸದಸ್ಯನಾಗಿದ್ದೇನೆ. ಶಾಲೆಯ ಆವರಣಕ್ಕೆ ಅಂಟಿಕೊಂಡಂತೆ ಇನ್ನೊಂದು ಇಲಾಖೆಯ ಹಳೆಯ ಕಚೇರಿ ಕಟ್ಟಡವಿದೆ. ಕಚೇರಿ ಬೇರೆಡೆಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಆ ಕಟ್ಟಡವನ್ನು ಈಗ ಶಾಲೆಗೆ ಹಸ್ತಾಂತರಿಸಿದ್ದಾರೆ. ಕೆಲವು ಒಳಗೋಡೆಗಳನ್ನು ತೆಗೆದು ತರಗತಿ ಕೋಣೆಗಳನ್ನು ಮಾಡುವುದು, ಮೇಲೆ ಇನ್ನೊಂದು ಅಂತಸ್ತು ಕಟ್ಟಿ ಅಲ್ಲಿ ಗ್ರಂಥಾಲಯವನ್ನೂ ಪ್ರಯೋಗಾಲಯವನ್ನೂ ಇಡುವುದು ಸದ್ಯದ ಯೋಜನೆ. ಅಂದಾಜು ಪಟ್ಟಿ ಸಿದ್ಧವಾಗಿದೆ, ಅನುದಾನವೂ ಮಂಜೂರಾಗಿದೆ.

ನಗರಸಭೆಯಿಂದ ಕಟ್ಟಡ ಪರವಾನಗಿ ಪಡೆಯಲಾಗಿದೆಯೇ, ಯೋಜನಾ ಪ್ರಾಧಿಕಾರಕ್ಕೆ ನಕ್ಷೆ ಹೋಗಿದೆಯೇ ಎಂದು ಸಭೆಯಲ್ಲಿ ನಾನು ಕೇಳಿದೆ. ಅದಕ್ಕೆ ಎರಡು ಉತ್ತರಗಳು ಬಂದವು. ಸರ್ಕಾರದ ಜಾಗದಲ್ಲಿ ಸರ್ಕಾರವೇ ಕಟ್ಟುವಾಗ ಲೈಸೆನ್ಸ್ ಕೇಳುವ ಅಧಿಕಾರ ನಗರಸಭೆಗೆ ಇಲ್ಲ ಎಂಬುದು ಮೊದಲನೆಯದು. ಇದು ಈಗಿನ ಬೈಲಾಗಳು, ಅಂದರೆ ಸ್ಥಳೀಯ ಕಟ್ಟಡ ನಿಯಮಗಳು, ಬರುವ ಮೊದಲೇ ಇದ್ದ ಕಟ್ಟಡ, ಆದ್ದರಿಂದ ಹೊಸ ನಿಯಮಗಳು ಇದಕ್ಕೆ ತಾಗುವುದಿಲ್ಲ ಎಂಬುದು ಎರಡನೆಯದು. ಎರಡನ್ನೂ ಹೇಳಿದವರು ಅನುಭವಸ್ಥರು, ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ನೂರಾರು ಮಕ್ಕಳು ಕೂರುವ ಕಟ್ಟಡಕ್ಕೆ ಯಾವ ಕಾನೂನೂ ಇಲ್ಲ ಎಂಬ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ.

ಇನ್ನೊಂದು ಉಪಪ್ರಶ್ನೆಯೂ ಇದೆ. ಇದೇ ಆವರಣದ ಮೂಲೆಯಲ್ಲಿ ರಾಜ್ಯ ಸರ್ಕಾರದ ಒಂದು ನಿಗಮ ತನ್ನ ಶಾಖಾ ಕಚೇರಿ ಕಟ್ಟಿಕೊಳ್ಳಲಿದೆ. ನಿಗಮವೂ ಸರ್ಕಾರವೇ ಆದ್ದರಿಂದ ಅದಕ್ಕೂ ಪರವಾನಗಿ ಬೇಡವೆನ್ನುತ್ತಿದ್ದಾರೆ. ಇದು ಸರಿಯೇ? ಸಾಧ್ಯವಾದಲ್ಲಿ ಕಾನೂನಿನ ಆಧಾರ ಸಹಿತ ತಿಳಿಸಿದರೆ ಉಪಕಾರವಾಗುತ್ತದೆ.


ಉತ್ತರ 1
ಬರೆದವರು: ಪೌರಾಡಳಿತ ವಕೀಲ

ನಿಮ್ಮ ಸಭೆಯಲ್ಲಿ ಬಂದ ಮೊದಲ ಉತ್ತರದ ಹಿಂದೆ ಒಂದು ಹಳೆಯ ಇಂಗ್ಲಿಷ್ ನ್ಯಾಯತತ್ತ್ವವಿದೆ. ಅಧಿನಿಯಮವೊಂದು ರಾಜನನ್ನು ಹೆಸರಿಸಿ ಹೇಳದಿದ್ದರೆ ಅದು ರಾಜನಿಗೆ ಅನ್ವಯಿಸದು ಎಂಬ ಆ ತತ್ತ್ವವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1960ರಲ್ಲಿ ಕಲ್ಕತ್ತಾ ನಗರಪಾಲಿಕೆಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ ಒಪ್ಪಿಕೊಂಡಿತ್ತು. ಪಡಿತರ ಇಲಾಖೆ ಲೈಸೆನ್ಸ್ ಇಲ್ಲದೆ ಅಕ್ಕಿ ದಾಸ್ತಾನು ಮಾಡಿದ ಸಂಗತಿ ಅದು. ಕೆಲವೇ ವರ್ಷಗಳಲ್ಲಿ ಅದೇ ನಗರಪಾಲಿಕೆಯ ಮತ್ತೊಂದು ಮೊಕದ್ದಮೆ ಬಂತು. ಪಶ್ಚಿಮ ಬಂಗಾಳ ಸರ್ಕಾರ ಲೈಸೆನ್ಸ್ ಪಡೆಯದೆ ಮಾರುಕಟ್ಟೆಯೊಂದನ್ನು ನಡೆಸುತ್ತಿತ್ತು. ಈ ಬಾರಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ವಿಚಾರಣೆ ನಡೆಸಿ, ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರು ಬರೆದ ಬಹುಮತದ ತೀರ್ಪಿನಲ್ಲಿ 1960ರ ನಿಲುವನ್ನು ತಳ್ಳಿಹಾಕಿತು. 1967ರ ಕಾನೂನು ವರದಿಗಳಲ್ಲಿ ಪ್ರಕಟವಾದ ಆ ತೀರ್ಪಿನ ಸಾರವೆಂದರೆ, ಗಣರಾಜ್ಯದಲ್ಲಿ ಶಾಸಕಾಂಗ ಮಾಡಿದ ಸಾಮಾನ್ಯ ಕಾನೂನು ಪ್ರಜೆಗೆ ಹೇಗೋ ಸರ್ಕಾರಕ್ಕೂ ಹಾಗೆಯೇ ಅನ್ವಯಿಸುತ್ತದೆ. ಸ್ಪಷ್ಟವಾಗಿ ಅಥವಾ ಅನಿವಾರ್ಯ ಅರ್ಥದಿಂದ ವಿನಾಯಿತಿ ಕೊಟ್ಟಿದ್ದರೆ ಮಾತ್ರ ಸರ್ಕಾರ ಹೊರಗುಳಿಯುತ್ತದೆ.

ಹೀಗಾಗಿ ವಾದದ ಹೊರೆ ತಿರುಗಿತು. ಸರ್ಕಾರಕ್ಕೆ ಅನ್ವಯಿಸುತ್ತದೆಂದು ಕಾನೂನಿನಲ್ಲಿ ಎಲ್ಲಿ ಬರೆದಿದೆ ಎಂದು ನಿಮ್ಮನ್ನು ಕೇಳುವಂತಿಲ್ಲ. ಅನ್ವಯಿಸುವುದಿಲ್ಲವೆಂದು ಎಲ್ಲಿ ಬರೆದಿದೆ ಎಂಬುದನ್ನು ವಿನಾಯಿತಿ ಕೇಳುವ ಇಲಾಖೆಯೇ ತೋರಿಸಬೇಕು. ನಗರಸಭೆಗಳ ಮಟ್ಟಿಗೆ ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ 187ನೇ ಪ್ರಕರಣ (ಸೆಕ್ಷನ್), ಮಹಾನಗರಪಾಲಿಕೆಗಳಿಗೆ 1976ರ ಅಧಿನಿಯಮದ 299ನೇ ಪ್ರಕರಣ, ಗ್ರಾಮ ಪಂಚಾಯಿತಿಗಳಿಗೆ 1993ರ ಅಧಿನಿಯಮದ 64ನೇ ಪ್ರಕರಣ, ಇವೇ ಕಟ್ಟಡ ಅನುಮತಿಯ ಮೂಲಗಳು. ಇವುಗಳ ಜೊತೆಗೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ 14ನೇ ಪ್ರಕರಣವನ್ನು ಓದಬೇಕು. ಯೋಜನಾ ಪ್ರದೇಶದಲ್ಲಿನ ಪ್ರತಿಯೊಂದು ಭೂಬಳಕೆಯೂ ಪ್ರತಿಯೊಂದು ಅಭಿವೃದ್ಧಿಯೂ ಅಲ್ಲಿನ ಯೋಜನೆಗೆ ಅನುಗುಣವಾಗಿರಬೇಕು ಎಂದು ಅದು ಹೇಳುತ್ತದೆ. ಯಾರು ಮಾಡುವ ಅಭಿವೃದ್ಧಿ ಎಂದು ಅದು ವಿಂಗಡಿಸುವುದಿಲ್ಲ.

ಹಾಗೆಂದು ವಿನಾಯಿತಿಗಳೇ ಇಲ್ಲವೆಂದಲ್ಲ. ರೈಲ್ವೆ ಅಧಿನಿಯಮ, 1989ರ 11ನೇ ಪ್ರಕರಣ, ಬೇರೆ ಕಾನೂನುಗಳು ಏನೇ ಹೇಳಿದರೂ, ರೈಲುಮಾರ್ಗದ ನಿರ್ಮಾಣ ಮತ್ತು ನಿರ್ವಹಣೆಗೆ ಬೇಕಾದ ಕಟ್ಟಡಗಳನ್ನು ಕಟ್ಟುವ ಅಧಿಕಾರವನ್ನು ರೈಲ್ವೆ ಆಡಳಿತಕ್ಕೆ ಕೊಡುತ್ತದೆ. ಸ್ಪಷ್ಟ ವಿನಾಯಿತಿ ಎಂದರೆ ಅದು. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾನೂನಿನ 58ನೇ ಪ್ರಕರಣ ಇನ್ನೊಂದು ಬಗೆಯದು: ಸರ್ಕಾರ ತನ್ನ ಇಲಾಖೆಗಾಗಿ ಕಟ್ಟುವಾಗ ಕೆಲಸ ಆರಂಭಿಸುವುದಕ್ಕೆ ಕನಿಷ್ಠ ಮೂವತ್ತು ದಿನ ಮೊದಲು ಪೂರ್ಣ ವಿವರಗಳನ್ನು ಯೋಜನಾ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಬೇಕು, ಪ್ರಾಧಿಕಾರ ಆಕ್ಷೇಪಣೆ ಎತ್ತಬಹುದು.

ಈ ಮಾದರಿಯ ಬೇರು 1899ರ ಸರ್ಕಾರಿ ಕಟ್ಟಡಗಳ ಅಧಿನಿಯಮದಲ್ಲಿದೆ. ಸಾರ್ವಜನಿಕ ಉದ್ದೇಶದ ಸರ್ಕಾರಿ ಕಟ್ಟಡಗಳನ್ನು ಪೌರ ಕಟ್ಟಡ ನಿಯಮಗಳಿಂದ ಅದು ಹೊರಗಿಟ್ಟಿತ್ತು. ಆದರೆ ವಸಾಹತು ಸರ್ಕಾರವೂ ಬರಿಗೈಯಲ್ಲಿ ವಿನಾಯಿತಿ ತೆಗೆದುಕೊಂಡಿರಲಿಲ್ಲ ಎಂಬುದನ್ನು ಗಮನಿಸಬೇಕು. ರಕ್ಷಣೆಗೆ ಸಂಬಂಧಿಸಿದ ಅಥವಾ ಗೋಪ್ಯವೆನಿಸಿದ ಕಟ್ಟಡಗಳನ್ನು ಬಿಟ್ಟರೆ, ಹೊಸ ನಿರ್ಮಾಣಕ್ಕೂ ಮಹತ್ವದ ರಚನಾತ್ಮಕ ಬದಲಾವಣೆಗೂ ಮೊದಲು ಸ್ಥಳೀಯ ಪೌರ ಸಂಸ್ಥೆಗೆ ಸಾಕಷ್ಟು ಮುಂಚಿತವಾಗಿ ತಿಳುವಳಿಕೆ ಕೊಡಬೇಕಿತ್ತು. ಪೌರ ಸಂಸ್ಥೆ ಅನುಮತಿ ಪಡೆದು ನಕ್ಷೆಗಳನ್ನು ನೋಡಿ ಆಕ್ಷೇಪಣೆ ಸಲ್ಲಿಸಬಹುದಿತ್ತು, ಅದನ್ನು ತಳ್ಳಿಹಾಕಿದರೆ ಸರ್ಕಾರ ಲಿಖಿತವಾಗಿ ಕಾರಣ ಕೊಡಬೇಕಿತ್ತು. ಇಂದು ಒಂದು ಪತ್ರವನ್ನೂ ಬರೆಯದೆ ಕೆಲಸ ಆರಂಭಿಸುವ ಇಲಾಖೆಗಳು ವಿನಾಯಿತಿಯ ಹೆಸರಿನಲ್ಲಿ ಕೇಳುತ್ತಿರುವುದು ಆ ಕಾಲದ ಸರ್ಕಾರ ತನಗಾಗಿ ಇಟ್ಟುಕೊಂಡಿದ್ದಕ್ಕಿಂತ ಹೆಚ್ಚಿನದನ್ನು.

ನಿಗಮದ ಪ್ರಶ್ನೆಗೆ ಉತ್ತರ ಸುಲಭ. ಕಂಪನಿ ಕಾನೂನಿನಡಿ ನೋಂದಣಿಯಾದ ಅಥವಾ ವಿಶೇಷ ಅಧಿನಿಯಮದಿಂದ ಹುಟ್ಟಿದ ನಿಗಮ ಕಾನೂನಿನ ಕಣ್ಣಿನಲ್ಲಿ ಪ್ರತ್ಯೇಕ ವ್ಯಕ್ತಿ. ಷೇರುಗಳೆಲ್ಲ ಸರ್ಕಾರದ ಕೈಯಲ್ಲಿದ್ದರೂ ಅದರ ಆಸ್ತಿ ಸರ್ಕಾರದ ಆಸ್ತಿಯಾಗುವುದಿಲ್ಲ. ಕೇಂದ್ರದ ಕಲ್ಲಿದ್ದಲು ಕಂಪನಿ ತನ್ನ ಆಸ್ತಿ ಕೇಂದ್ರ ಸರ್ಕಾರದ್ದು, ಆದ್ದರಿಂದ ತೆರಿಗೆ ಕೊಡಬೇಕಿಲ್ಲ ಎಂದು ಸಂವಿಧಾನದ 285ನೇ ವಿಧಿಯನ್ನು ಹಿಡಿದು ವಾದಿಸಿದಾಗ ಸರ್ವೋಚ್ಚ ನ್ಯಾಯಾಲಯ, 1982ರ ಕಾನೂನು ವರದಿಗಳಲ್ಲಿ ಪ್ರಕಟವಾದ ತೀರ್ಪಿನಲ್ಲಿ, ಅದನ್ನು ಒಪ್ಪಲಿಲ್ಲ. ಅದು ತೆರಿಗೆಯ ವಿಷಯವಾದರೂ ತರ್ಕ ಇಲ್ಲಿಗೂ ಸಲ್ಲುತ್ತದೆ. ಜೊತೆಗೆ, 285ನೇ ವಿಧಿ ಹೇಳುವುದು ಕೇಂದ್ರದ ಆಸ್ತಿಯ ಮೇಲಿನ ತೆರಿಗೆಯನ್ನು ಕುರಿತು ಮಾತ್ರ. ತೆರಿಗೆ ಇಲ್ಲ ಎಂದಾದ ಮಾತ್ರಕ್ಕೆ ಕಟ್ಟಡ ನಿಯಮ ಇಲ್ಲ ಎಂದಾಗುವುದಿಲ್ಲ. ಕಚೇರಿಗಳಲ್ಲಿ ಈ ಎರಡನ್ನು ಬೆರೆಸಿ ಮಾತನಾಡುವುದನ್ನು ಬಹಳ ಕೇಳಿದ್ದೇನೆ.


ಉತ್ತರ 2
ಬರೆದವರು: ನಿವೃತ್ತ ಎಂಜಿನಿಯರ್, ಸರ್ಕಾರಿ ಕಟ್ಟಡ ವಿಭಾಗ

ವಕೀಲರು ಹೇಳಿದ ಕಾನೂನನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಡೆದು ಬಂದ ಪದ್ಧತಿಗೂ ಒಂದು ಕಾರಣವಿದೆ, ಅದನ್ನೂ ಹೇಳಬೇಕು. ಸರ್ಕಾರಿ ಕಾಮಗಾರಿಗೆ ಮೊದಲು ಆಡಳಿತಾತ್ಮಕ ಅನುಮೋದನೆ, ನಂತರ ಸಕ್ಷಮ ಎಂಜಿನಿಯರರಿಂದ ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್. ವಿನ್ಯಾಸವನ್ನು ಇಲಾಖೆಯ ಎಂಜಿನಿಯರರೇ ಪರಿಶೀಲಿಸಿ ಸಹಿ ಮಾಡುತ್ತಾರೆ. ನಗರಸಭೆಯಲ್ಲಿ ಒಬ್ಬಿಬ್ಬರು ಎಂಜಿನಿಯರರು ಮಾತ್ರ ಇರುವಾಗ, ಇಲಾಖೆಯ ಮೇಲಧಿಕಾರಿ ಸಹಿ ಮಾಡಿದ ವಿನ್ಯಾಸವನ್ನು ಅವರು ಮರುಪರಿಶೀಲಿಸುವುದರಿಂದ ಏನು ಸಿಗುತ್ತದೆ ಎಂಬ ಭಾವನೆ ಬೆಳೆಯಿತು. ಅದು ಪೂರ್ತಿ ಆಧಾರರಹಿತವೇನೂ ಅಲ್ಲ.

ಕಟ್ಟಡಗಳ ಬಗ್ಗೆ ಮಾನಕ ಸಂಸ್ಥೆ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎರಡನೆಯ ಭಾಗವೂ ಸರ್ಕಾರಿ ಇಲಾಖೆಗಳ ಕಾರ್ಯಾಚರಣೆಯ ನಿರ್ಮಾಣಗಳಿಗೆ ರಿಯಾಯಿತಿಯನ್ನು ಸೂಚಿಸುತ್ತದೆ. ರೈಲು, ರಾಷ್ಟ್ರೀಯ ಹೆದ್ದಾರಿ, ಬಂದರು, ವಿಮಾನ ನಿಲ್ದಾಣ, ಅಂಚೆ, ವಿದ್ಯುತ್ ಜಾಲ, ರಕ್ಷಣೆ ಇಂತಹ ಸೇವೆಗಳು ನಡೆಯಲು ಅಗತ್ಯವಾದ ನಿರ್ಮಾಣಗಳು ಅದರಲ್ಲಿ ಬರುತ್ತವೆ. ಆದರೆ ಅದೇ ಸಂಹಿತೆ ಮುಂದಿನ ಸಾಲುಗಳಲ್ಲಿ ಗಡಿಯನ್ನೂ ಎಳೆದಿದೆ: ರೈಲ್ವೆಯ ವಿಷಯದಲ್ಲಿಯೂ ಹೊಸ ವಸತಿ ಕಟ್ಟಡಗಳು, ಆಸ್ಪತ್ರೆ, ಕ್ಲಬ್ಬು, ಶಾಲೆಗಳು ಕಾರ್ಯಾಚರಣೆಯ ನಿರ್ಮಾಣ ಎನಿಸುವುದಿಲ್ಲ. ಸಿಗ್ನಲ್ ಕೋಣೆಗೆ ಸಿಗುವ ರಿಯಾಯಿತಿ ಅದೇ ರೈಲ್ವೆಯ ಶಾಲೆಗೆ ಸಿಗದಿರುವಾಗ ನಿಮ್ಮ ಪ್ರೌಢಶಾಲೆಗೆ ಅದನ್ನು ಎಳೆದು ತರುವುದು ಕಷ್ಟ.

ನಾನು ಸೇವೆಯಲ್ಲಿದ್ದಾಗ ಅನುಸರಿಸುತ್ತಿದ್ದ ಕ್ರಮವೆಂದರೆ, ನಕ್ಷೆಯನ್ನು ಬೈಲಾಗಳಿಗೆ ಹೊಂದಿಸಿಯೇ ಮಾಡುವುದು, ಮತ್ತು ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಗೆ ಮುಂಚಿತವಾಗಿ ಕಳುಹಿಸುವುದು. ಅದರಿಂದ ಕಾಮಗಾರಿಗೆ ವಿಳಂಬವಾಗಿದ್ದು ನನಗೆ ನೆನಪಿಲ್ಲ.

ಎರಡನೆಯ ಪ್ರಶ್ನೆಯೇ, ಅಂದರೆ ಹಳೆಯ ಕಟ್ಟಡದ ಪ್ರಶ್ನೆಯೇ, ನಿಮ್ಮ ಸಂದರ್ಭದಲ್ಲಿ ಹೆಚ್ಚು ತೂಕದ್ದು. ಹಳೆಯ ಕಟ್ಟಡಕ್ಕೆ ಹೊಸ ನಿಯಮ ತಾಗುವುದಿಲ್ಲ ಎಂಬ ಮಾತು ಅರ್ಧ ನಿಜ. ಅಸ್ತಿತ್ವದಲ್ಲಿರುವ ಕಟ್ಟಡವನ್ನು ತೆಗೆಯಬೇಕು, ಬದಲಿಸಬೇಕು ಅಥವಾ ಅದರ ಬಳಕೆಯನ್ನು ನಿಲ್ಲಿಸಬೇಕು ಎಂದು ಸಂಹಿತೆ ಕೇಳುವುದಿಲ್ಲ. ಒಳಗಿರುವವರಿಗೆ ಅಥವಾ ಪಕ್ಕದ ಆಸ್ತಿಗೆ ಅದು ಅಪಾಯಕಾರಿ ಎಂದು ಪ್ರಾಧಿಕಾರಕ್ಕೆ ಅನಿಸಿದರೆ ಮಾತ್ರ ಮಧ್ಯ ಪ್ರವೇಶ. ಕಟ್ಟಡ ಇದ್ದ ಹಾಗೆಯೇ ಇದ್ದು, ಇದ್ದ ಕೆಲಸಕ್ಕೇ ಬಳಕೆಯಾಗುತ್ತಿದ್ದರೆ ಈ ರಕ್ಷಣೆ ಸಿಗುತ್ತದೆ. ನೀವು ಮಾಡಹೊರಟಿರುವುದು ಹಾಗಲ್ಲ. ಒಳಗೋಡೆ ತೆಗೆಯುತ್ತಿದ್ದೀರಿ, ಮೇಲೆ ಅಂತಸ್ತು ಏರಿಸುತ್ತಿದ್ದೀರಿ, ಕಚೇರಿಯನ್ನು ಶಾಲೆಯಾಗಿ ಮಾಡುತ್ತಿದ್ದೀರಿ. ಬಳಕೆಯ ವರ್ಗ ಬದಲಾದರೆ ಆ ಬದಲಾವಣೆ ಮುಟ್ಟುವ ಎಲ್ಲ ಭಾಗಗಳಿಗೂ ಸಂಹಿತೆ ಅನ್ವಯಿಸುತ್ತದೆ. ಕಟ್ಟಡವನ್ನು ಮಾರ್ಪಡಿಸಿದರೆ ಹಳೆಯ ಭಾಗ, ಹೊಸ ಭಾಗ ಎನ್ನದೆ ಇಡೀ ಕಟ್ಟಡಕ್ಕೆ ಅನ್ವಯಿಸುತ್ತದೆ. ಮಾರ್ಪಟ್ಟ ಭಾಗ ಸೌಲಭ್ಯ ಮತ್ತು ಸುರಕ್ಷತಾ ವ್ಯವಸ್ಥೆಗಳಲ್ಲಿ ಪೂರ್ತಿ ಸ್ವತಂತ್ರವಾಗಿದ್ದರೆ ಮಾತ್ರ ಅದಕ್ಕೆ ಸೀಮಿತವಾಗುತ್ತದೆ. ಒಂದೇ ಮೆಟ್ಟಿಲ ಸಾಲು ಎರಡೂ ಅಂತಸ್ತುಗಳಿಗೆ ದಾರಿಯಾಗಿದ್ದರೆ ಮೇಲಂತಸ್ತು ಸ್ವತಂತ್ರ ಎನ್ನುವಂತಿಲ್ಲ.

ಇದನ್ನು ಕಾಗದದ ಮೇಲಿನ ನಿಯಮವೆಂದು ತಳ್ಳಿಹಾಕಬೇಡಿ. ಕಟ್ಟಡ ಎಷ್ಟು ಭಾರ ತಾಳಬೇಕೆಂದು ಹೇಳುವ ಭಾರತೀಯ ಮಾನಕ 875ರ ಎರಡನೆಯ ಭಾಗದ ಪ್ರಕಾರ, ಕಡತಗಳಿಗೆ ಪ್ರತ್ಯೇಕ ಉಗ್ರಾಣವಿರುವ ಕಚೇರಿ ಕೋಣೆಯ ನೆಲವನ್ನು ಪ್ರತಿ ಚದರ ಮೀಟರಿಗೆ 2.5 ಕಿಲೋನ್ಯೂಟನ್ ಚರ ಭಾರಕ್ಕೆ (ಜನ ಮತ್ತು ಸಾಮಾನುಗಳ ಭಾರಕ್ಕೆ) ವಿನ್ಯಾಸ ಮಾಡುತ್ತಾರೆ, ತರಗತಿ ಕೋಣೆಗೆ 3, ಶಾಲೆಯ ಕಾರಿಡಾರ್ ಮತ್ತು ಮೆಟ್ಟಿಲುಗಳಿಗೆ 4. ಪುಸ್ತಕದ ಕಪಾಟುಗಳನ್ನು ಸಾಲಾಗಿ ನಿಲ್ಲಿಸುವ ಗ್ರಂಥಾಲಯ ಕೋಣೆಗೆ, 2.2 ಮೀಟರ್ ಎತ್ತರದವರೆಗಿನ ಕಪಾಟುಗಳಿದ್ದರೆ, ಕನಿಷ್ಠ 6. ಈಗ ನಿಮ್ಮ ಯೋಜನೆಯನ್ನು ನೋಡಿ. ಇಂದು ತಾರಸಿಯಾಗಿರುವುದು ನಾಳೆ ಗ್ರಂಥಾಲಯದ ನೆಲವಾಗುತ್ತದೆ. ಜನ ಹತ್ತಬಹುದಾದ ತಾರಸಿಗೆ ಅದೇ ಮಾನಕ ಹೇಳುವುದು 1.5 ಮಾತ್ರ. ಅಂದರೆ ನಾಲ್ಕು ಪಟ್ಟು ಹೆಚ್ಚಳ, ಅದೂ ಕೆಳಗಿನ ಒಳಗೋಡೆಗಳನ್ನು ತೆಗೆದ ಮೇಲೆ. ಆ ಗೋಡೆಗಳಲ್ಲಿ ಯಾವುದು ಭಾರ ಹೊರುತ್ತಿದೆ, ಅಡಿಪಾಯ ಎಷ್ಟು ಆಳವಿದೆ ಎಂಬುದನ್ನು ಯಾರಾದರೂ ನೋಡಿದ್ದಾರೆಯೇ? ಹಳೆಯ ಕಟ್ಟಡಕ್ಕೆ ಮೂಲ ನಕ್ಷೆ ಸಿಗದಿರುವುದೇ ಹೆಚ್ಚು. ಆಗ ಅಡಿಪಾಯದ ಬಳಿ ಗುಂಡಿ ತೋಡಿ ನೋಡುವುದು, ಚಾವಣಿಯ ಕಾಂಕ್ರೀಟನ್ನೂ ಕಬ್ಬಿಣವನ್ನೂ ಪರೀಕ್ಷಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ. ನನ್ನ ಅಭಿಪ್ರಾಯದಲ್ಲಿ ಗ್ರಂಥಾಲಯವನ್ನು ಕೆಳಗಿಟ್ಟು ತರಗತಿಗಳನ್ನು ಮೇಲಕ್ಕೆ ಒಯ್ಯುವುದು ಒಳ್ಳೆಯದು, ಮೇಲಂತಸ್ತು ಏರಿಸಬಹುದೆಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ.


ಉತ್ತರ 3
ಬರೆದವರು: ಪೌರಾಡಳಿತ ವಕೀಲ

ಎಂಜಿನಿಯರ್ ಸಾಹೇಬರ ಮಾತಿಗೆ ಒಂದು ತಕರಾರು, ಒಂದು ಸೇರ್ಪಡೆ.

ತಕರಾರು ಇದು. ತಾಂತ್ರಿಕ ಮಂಜೂರಾತಿ ನೋಡುವುದು ವಿನ್ಯಾಸ ಗಟ್ಟಿಯಾಗಿದೆಯೇ, ದರಗಳು ಸರಿಯಾಗಿವೆಯೇ ಎಂಬುದನ್ನು. ನಗರಸಭೆ ನೋಡುವುದು ಬೇರೆ: ರಸ್ತೆ ಅಗಲೀಕರಣದ ಗೆರೆ ಎಲ್ಲಿ ಹಾದುಹೋಗುತ್ತದೆ, ಸುತ್ತ ಎಷ್ಟು ಜಾಗ ಬಿಟ್ಟಿದ್ದಾರೆ, ಅಗ್ನಿಶಾಮಕ ವಾಹನ ಒಳಗೆ ಬರುತ್ತದೆಯೇ, ಒಳಚರಂಡಿ ಎಲ್ಲಿಗೆ ಸೇರುತ್ತದೆ, ಪಕ್ಕದ ಮನೆಯವನ ಗಾಳಿ ಬೆಳಕಿಗೆ ಅಡ್ಡಿಯೇ. ಇಲಾಖೆ ತನ್ನ ಕಟ್ಟಡವನ್ನು ನೋಡುತ್ತದೆ, ಪೌರ ಸಂಸ್ಥೆ ಊರನ್ನು ನೋಡುತ್ತದೆ. ಒಂದರ ಸಹಿ ಇನ್ನೊಂದರ ಕೆಲಸವನ್ನು ಮಾಡಲಾರದು. ನಕ್ಷೆಯ ಪ್ರತಿ ಕಳುಹಿಸುವುದು ಒಳ್ಳೆಯ ನಡತೆಯೇ ಹೌದು, ಆದರೆ ಕಾನೂನು ಅನುಮತಿ ಬೇಕೆಂದಲ್ಲಿ ತಿಳುವಳಿಕೆ ಪತ್ರ ಅನುಮತಿಯ ಸ್ಥಾನದಲ್ಲಿ ನಿಲ್ಲುವುದಿಲ್ಲ. ತಿಳುವಳಿಕೆ ಸಾಕು ಎನ್ನಬೇಕಾದರೆ ಮಹಾರಾಷ್ಟ್ರದಂತೆ ಕಾನೂನೇ ಹಾಗೆ ಹೇಳಿರಬೇಕು.

ಸೇರ್ಪಡೆ: ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ವತಃ ಕಾನೂನಲ್ಲ. 1970ರಲ್ಲಿ ಮೊದಲು ಹೊರಬಂದು, 1983, 2005 ಮತ್ತು 2016ರಲ್ಲಿ ಪರಿಷ್ಕರಣೆಗೊಂಡ ಅದು ಮಾನಕ ಸಂಸ್ಥೆಯ ಶಿಫಾರಸು. ಬೈಲಾ ಅದನ್ನು ಅಳವಡಿಸಿಕೊಂಡಾಗ, ಅಥವಾ ನ್ಯಾಯಾಲಯ ಅದನ್ನು ಪಾಲಿಸಿ ಎಂದಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. ಶಾಲೆಗಳ ವಿಷಯದಲ್ಲಿ ಎರಡನೆಯದು ನಡೆದಿದೆ. ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ಸತ್ತ ಘಟನೆಯ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅವಿನಾಶ್ ಮೆಹ್ರೋತ್ರಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2009ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಸಂಹಿತೆಯಲ್ಲಿರುವ ಸುರಕ್ಷತಾ ಮಾನದಂಡಗಳ ಪ್ರಕಾರ ಕಟ್ಟಡವಿದೆಯೇ ಎಂದು ನೋಡಿಯೇ ಮಾನ್ಯತೆ ಕೊಡಬೇಕು. ಈಗಾಗಲೇ ಇರುವ ಎಲ್ಲ ಸರ್ಕಾರಿ ಮತ್ತು ಖಾಸಗಿ ಶಾಲೆಗಳು ಆರು ತಿಂಗಳೊಳಗೆ ಅಗ್ನಿಶಮನ ಉಪಕರಣ ಅಳವಡಿಸಬೇಕು. ಕಟ್ಟಡಗಳ ದೃಢತೆಯನ್ನು ಕಾಲಕಾಲಕ್ಕೆ ಪರಿಶೀಲಿಸಬೇಕು. ಸರಿಯಾಗಿ ತಪಾಸಣೆ ಮಾಡಿದ ಮೇಲಷ್ಟೇ ಸುರಕ್ಷತಾ ಪ್ರಮಾಣಪತ್ರ ಕೊಡಬೇಕು, ಕರ್ತವ್ಯಲೋಪವಾದರೆ ಅಧಿಕಾರಿಯ ಮೇಲೆ ಶಿಸ್ತುಕ್ರಮವಾಗಬೇಕು ಎಂದಿತು. ನಿಮ್ಮ ಸಭೆಯಲ್ಲಿ ಬಂದ ಎರಡೂ ಉತ್ತರಗಳಿಗೆ, ಸರ್ಕಾರಿ ಎಂಬುದಕ್ಕೂ ಹಳೆಯದು ಎಂಬುದಕ್ಕೂ, ಈ ಒಂದೇ ತೀರ್ಪು ಎದುರು ನಿಲ್ಲುತ್ತದೆ.


ಉತ್ತರ 4
ಬರೆದವರು: ಅಂಗವಿಕಲರ ಹಕ್ಕುಗಳ ಕಾರ್ಯಕರ್ತೆ

ಹಳೆಯ ಕಟ್ಟಡವನ್ನು ಮುಟ್ಟದೆ ಬಿಟ್ಟರೂ ಅನ್ವಯವಾಗುವ ಒಂದು ಕಾನೂನು ಇದೆ, ಅದನ್ನು ಯಾರೂ ಪ್ರಸ್ತಾಪಿಸಿಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 44ನೇ ಪ್ರಕರಣ ಹೊಸ ಕಟ್ಟಡಕ್ಕೆ ಸಂಬಂಧಿಸಿದ್ದು. ಪ್ರವೇಶ ಸೌಲಭ್ಯದ ನಿಯಮಗಳಿಗೆ ನಕ್ಷೆ ಹೊಂದದಿದ್ದರೆ ಯಾವ ಸಂಸ್ಥೆಗೂ ಕಟ್ಟುವ ಅನುಮತಿಯಿಲ್ಲ, ಪೂರ್ಣತಾ ಪ್ರಮಾಣಪತ್ರವೂ ಇಲ್ಲ. 45ನೇ ಪ್ರಕರಣ ಇನ್ನೂ ಮುಂದೆ ಹೋಗುತ್ತದೆ. ಈಗಾಗಲೇ ಇರುವ ಎಲ್ಲ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷ ಮೀರದಂತೆ ಪ್ರವೇಶಯೋಗ್ಯ ಮಾಡಬೇಕೆಂದು ಅದು ಹೇಳುತ್ತದೆ. ಸಾರ್ವಜನಿಕ ಕಟ್ಟಡ ಎಂದರೆ ಜನಸಾಮಾನ್ಯರು ಬಳಸುವ ಸರ್ಕಾರಿ ಅಥವಾ ಖಾಸಗಿ ಕಟ್ಟಡ ಎಂದು ಅಧಿನಿಯಮವೇ ವಿವರಿಸಿದೆ. ನಿಯಮಗಳು 2017ರ ಜೂನ್‌ನಲ್ಲಿ ಬಂದವು, ಗಡುವು 2022ರ ಜೂನ್‌ಗೆ ಮುಗಿದುಹೋಗಿದೆ.

ಕಾನೂನು ಹಿಂದಿನ ಕಟ್ಟಡಗಳನ್ನೂ ಒಳಗೊಳ್ಳಬೇಕೆಂದು ಶಾಸಕಾಂಗ ಬಯಸಿದರೆ ಹೀಗೆ ನೇರವಾಗಿ ಹೇಳಿ ಗಡುವು ಕೊಡುತ್ತದೆ. ಹಾಗೆ ಹೇಳಿದ ಮೇಲೆ ಕಟ್ಟಡದ ವಯಸ್ಸು ನೆಪವಾಗುವುದಿಲ್ಲ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2017ರ ನಿಯಮಗಳ 15ನೇ ನಿಯಮದ ಮೊದಲ ಉಪನಿಯಮವನ್ನು ಅಧಿನಿಯಮಕ್ಕೆ ವಿರುದ್ಧವೆಂದು ಘೋಷಿಸಿತು. ಅಧಿನಿಯಮ ಕಡ್ಡಾಯ ಮಾನದಂಡಗಳನ್ನು ಕೇಳಿದ್ದರೂ ಆ ನಿಯಮದಡಿ ಬಂದ ಮಾರ್ಗಸೂಚಿಗಳು ಶಿಫಾರಸಿನ ಧಾಟಿಯಲ್ಲಿದ್ದವು ಎಂಬುದು ಅದಕ್ಕೆ ಕಾರಣ. ಇದನ್ನು ಹಿಡಿದು, ನಿಯಮವೇ ಹೋಯಿತು, ಇನ್ನು ಇಳಿಜಾರು ಕಟ್ಟುವ ಹಂಗಿಲ್ಲ ಎಂದು ಯಾರಾದರೂ ವಾದಿಸಿದರೆ ನಂಬಬೇಡಿ. ತೀರ್ಪಿನ ದಿಕ್ಕು ಅದಕ್ಕೆ ತದ್ವಿರುದ್ಧ: ಇಚ್ಛೆಗೆ ಬಿಟ್ಟಿದ್ದನ್ನು ಕಡ್ಡಾಯ ಮಾಡಿ ಎಂದು ಕೇಂದ್ರಕ್ಕೆ ನಿರ್ದೇಶನ ಕೊಟ್ಟ ತೀರ್ಪು ಅದು.

ನಿಮ್ಮ ಯೋಜನೆಯಲ್ಲಿ ಗ್ರಂಥಾಲಯ, ಪ್ರಯೋಗಾಲಯ ಎರಡೂ ಮೇಲಂತಸ್ತಿನಲ್ಲಿವೆ. ಲಿಫ್ಟ್ ಇಲ್ಲದ ಮೇಲಂತಸ್ತಿಗೆ ಗಾಲಿಕುರ್ಚಿಯ ವಿದ್ಯಾರ್ಥಿ ಹೇಗೆ ಹೋಗುತ್ತಾನೆ? ತರಗತಿಯನ್ನಾದರೆ ಕೆಳಗಿನ ಕೋಣೆಗೆ ಬದಲಿಸಬಹುದು, ಇಡೀ ಶಾಲೆಗೆ ಒಂದೇ ಇರುವ ಪ್ರಯೋಗಾಲಯವನ್ನು ಬದಲಿಸಲಾಗದು. ಹಿಂದೆ ಬರೆದ ಎಂಜಿನಿಯರರು ಭಾರದ ಲೆಕ್ಕದಿಂದ ಮುಟ್ಟಿದ ಸಲಹೆಗೇ ನಾನು ಈ ದಾರಿಯಿಂದ ಬರುತ್ತಿದ್ದೇನೆ.


ಮರುಪ್ರಶ್ನೆ
ಬರೆದವರು: ಶಾಲಾ ಸಮಿತಿ ಸದಸ್ಯ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಎರಡು ಸಂದೇಹಗಳು ಉಳಿದಿವೆ. ಒಳಗೋಡೆ ತೆಗೆಯುವುದು ಒಳಗಿನ ದುರಸ್ತಿ ಮಾತ್ರ, ಅದಕ್ಕೆ ಯಾವ ಅನುಮತಿಯೂ ಬೇಡ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. ಇನ್ನೊಂದು, ಮೂಲ ಕಟ್ಟಡಕ್ಕೆ ಆಗ ಪರವಾನಗಿ ಪಡೆದಿದ್ದರೋ ಇಲ್ಲವೋ ಎಂಬುದಕ್ಕೆ ನಗರಸಭೆಯಲ್ಲಿ ಕಡತವೇ ಸಿಗುತ್ತಿಲ್ಲ. ಕಡತವಿಲ್ಲದಿದ್ದರೆ ಅದು ಅನಧಿಕೃತ ಕಟ್ಟಡವಾಗುತ್ತದೆಯೇ? ಸಮಿತಿ ಕೆಲಸವನ್ನು ನಿಲ್ಲಿಸಲು ಬಯಸುತ್ತಿಲ್ಲ, ಸರಿಯಾಗಿ ಮಾಡಬೇಕು ಎಂಬುದಷ್ಟೇ ನಮ್ಮ ಇಚ್ಛೆ.


ಉತ್ತರ 5
ಬರೆದವರು: ಪೌರಾಡಳಿತ ವಕೀಲ

ಗುತ್ತಿಗೆದಾರರ ಮಾತಿಗೆ ಒಂದು ಮೂಲವಿದೆ. 1961ರ ಯೋಜನಾ ಅಧಿನಿಯಮದಲ್ಲಿ, ಕಟ್ಟಡದ ಹೊರನೋಟವನ್ನು ಗಣನೀಯವಾಗಿ ಬದಲಿಸದ ನಿರ್ವಹಣೆ ಮತ್ತು ಸುಧಾರಣೆ ಕೆಲಸಗಳಿಗೆ ಯೋಜನಾ ಅನುಮತಿ ಬೇಕಿಲ್ಲ ಎಂಬ ಅಂಶವಿದೆ. ಸುಣ್ಣ ಬಣ್ಣ, ನೆಲಹಾಸು, ಕಿಟಕಿ ಬದಲಾವಣೆ ಇವೆಲ್ಲ ಅದರಲ್ಲಿ ಬರುತ್ತವೆ. ಆದರೆ ಅದು ಯೋಜನಾ ಕಾನೂನಿನ ಮಾತು. ಭಾರ ಹೊರುವ ಗೋಡೆಯನ್ನು ತೆಗೆಯುವುದು ಹೊರಗಿನಿಂದ ಕಾಣಿಸದಿದ್ದರೂ ಕಟ್ಟಡ ಕಾನೂನಿನ ದೃಷ್ಟಿಯಲ್ಲಿ ರಚನಾತ್ಮಕ ಬದಲಾವಣೆ. ನಿಮ್ಮಲ್ಲಂತೂ ಅಂತಸ್ತು ಏರಿಸುವುದೂ ಬಳಕೆ ಬದಲಿಸುವುದೂ ಸೇರಿಕೊಂಡಿರುವುದರಿಂದ ಈ ಚರ್ಚೆಗೆ ಅವಕಾಶವೇ ಇಲ್ಲ. ಕೆಲಸವನ್ನು ತುಂಡು ಮಾಡಿ, ಮೊದಲು ದುರಸ್ತಿ, ಆಮೇಲೆ ಅಂತಸ್ತು ಎಂದು ಎರಡು ಕಾಮಗಾರಿಗಳಾಗಿ ತೋರಿಸುವ ಉಪಾಯವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

ಕಡತ ಸಿಗದಿದ್ದ ಮಾತ್ರಕ್ಕೆ ಕಟ್ಟಡ ಅನಧಿಕೃತವಾಗುವುದಿಲ್ಲ. ಕಟ್ಟಿದ ಕಾಲದಲ್ಲಿ ಯಾವ ಕಾನೂನು ಜಾರಿಯಲ್ಲಿತ್ತು, ಆಗ ಅನುಮತಿ ಬೇಕಿತ್ತೇ ಎಂಬುದು ಮೊದಲು ನೋಡಬೇಕಾದ್ದು. ಬೇಕಿಲ್ಲದಿದ್ದರೆ ಅದು ಕಾನೂನುಬದ್ಧ ಹಳೆಯ ಕಟ್ಟಡ. ಬೇಕಿದ್ದೂ ಪಡೆಯದಿದ್ದರೆ ಎಷ್ಟು ವರ್ಷ ಕಳೆದರೂ ಆ ಲೋಪ ತಾನಾಗಿ ಅಳಿಸಿಹೋಗುವುದಿಲ್ಲ. ಹಳೆಯ ಕಟ್ಟಡಗಳಿಗೆ ಸಿಗುವ ರಕ್ಷಣೆ ಕಾನೂನುಬದ್ಧವಾಗಿ ಕಟ್ಟಿದವುಗಳಿಗೆ ಮಾತ್ರ. ಕಟ್ಟಡದ ಮೂಲ ಇಲಾಖೆಯಲ್ಲಿ ಆಸ್ತಿ ವಹಿ, ಅಳತೆ ಪುಸ್ತಕ, ಹಳೆಯ ಅಂದಾಜು ಪಟ್ಟಿ ಇರಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಡಿ ಎರಡೂ ಕಡೆ ಅರ್ಜಿ ಹಾಕಿ, ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಕಡತವಿಲ್ಲ ಎಂಬ ಲಿಖಿತ ಉತ್ತರವೂ ಮುಂದೆ ಉಪಯೋಗಕ್ಕೆ ಬರುತ್ತದೆ.

ಹತ್ತಿರದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕವೇನಾದರೂ ಇದೆಯೇ ಎಂದೂ ನೋಡಿಕೊಳ್ಳಿ. ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿಯ ನಂತರ ನಿಷೇಧಿತ ಪ್ರದೇಶದಲ್ಲಿ ಸಾರ್ವಜನಿಕ ಕಾಮಗಾರಿ ಎಂಬ ಕಾರಣಕ್ಕೂ ಹೊಸ ನಿರ್ಮಾಣಕ್ಕೆ ಅನುಮತಿ ಕೊಡುವಂತಿಲ್ಲ. ಅಲ್ಲಿರುವ ಹಳೆಯ ಕಟ್ಟಡದ ದುರಸ್ತಿಗೆ ಮಾತ್ರ ಸಕ್ಷಮ ಪ್ರಾಧಿಕಾರದ ಅನುಮತಿ ಪಡೆಯಬಹುದು.


ಉತ್ತರ 6
ಬರೆದವರು: ನಿವೃತ್ತ ಎಂಜಿನಿಯರ್, ಸರ್ಕಾರಿ ಕಟ್ಟಡ ವಿಭಾಗ

ವಕೀಲರ ತಕರಾರಿನಲ್ಲಿ ಊರನ್ನು ನೋಡುವವರು ಬೇರೆ ಎಂಬ ಭಾಗವನ್ನು ಒಪ್ಪುತ್ತೇನೆ. ಆದರೂ ಸಣ್ಣ ಊರುಗಳಲ್ಲಿ ನಗರಸಭೆಯ ಅನುಮತಿ ಎಂಬುದು ಹಲವು ವೇಳೆ ಶುಲ್ಕ ಕಟ್ಟಿಸಿಕೊಂಡು ಮೊಹರು ಒತ್ತುವುದಕ್ಕೆ ಸೀಮಿತವಾಗಿರುತ್ತದೆ ಎಂಬ ನನ್ನ ಅನುಭವವನ್ನು ಬದಲಿಸಲಾರೆ. ಆದ್ದರಿಂದ ಪರವಾನಗಿ ಬಂತು ಎಂದ ಮಾತ್ರಕ್ಕೆ ಸಮಿತಿ ನಿರಾಳವಾಗಬಾರದು.

ಸಮಿತಿಯ ಮುಂದಿನ ಸಭೆಯಲ್ಲಿ ನಿರ್ಣಯ ಬರೆಯಿಸುವಾಗ ಕೆಲಸ ನಿಲ್ಲಿಸಿ ಎಂದು ಬರೆಯಬೇಡಿ, ಅನುದಾನ ವಾಪಸು ಹೋಗುವ ಭಯ ಹುಟ್ಟಿ ಎಲ್ಲರೂ ನಿಮ್ಮ ವಿರುದ್ಧ ನಿಲ್ಲುತ್ತಾರೆ. ಅಂದಾಜು ಪಟ್ಟಿಯನ್ನು ಪರಿಷ್ಕರಿಸಿ, ಅದರಲ್ಲಿ ಅಡಿಪಾಯ ಮತ್ತು ಚಾವಣಿಯ ಪರೀಕ್ಷೆ, ಎರಡನೆಯ ಮೆಟ್ಟಿಲ ಸಾಲು, ಇಳಿಜಾರು, ಹೊರಕ್ಕೆ ತೆರೆಯುವ ಬಾಗಿಲುಗಳು, ಪ್ರವೇಶಯೋಗ್ಯ ಶೌಚಾಲಯ, ಅಗ್ನಿಶಮನ ಉಪಕರಣ ಇವುಗಳ ವೆಚ್ಚವನ್ನು ಸೇರಿಸಿ ಎಂದು ಕೇಳಿ. ಇವು ಅಂದಾಜು ಪಟ್ಟಿಗೆ ಸೇರದಿದ್ದರೆ ಆಮೇಲೆ ಯಾವ ಕಾನೂನು ತೋರಿಸಿದರೂ ಹಣ ಹುಟ್ಟುವುದಿಲ್ಲ. ಪರೀಕ್ಷೆಯ ವರದಿ ಬರುವ ತನಕ ಒಳಗೋಡೆಗಳನ್ನು ಮುಟ್ಟಬಾರದು ಎಂಬ ಒಂದು ಸಾಲನ್ನು ಮಾತ್ರ ನಿರ್ಣಯದಲ್ಲಿ ಸ್ಪಷ್ಟವಾಗಿ ಬರೆಯಿಸಿ. ಅದರ ಪ್ರತಿಯನ್ನು ಕಾಮಗಾರಿ ನಡೆಸುವ ಎಂಜಿನಿಯರರಿಗೂ ನಗರಸಭೆಯ ಪೌರಾಯುಕ್ತರಿಗೂ ಕಳುಹಿಸಿ ಸ್ವೀಕೃತಿ ಪಡೆದುಕೊಳ್ಳಿ.